ಮೇವು ಬಿಟ್ಟಿಯಲ್ಲ: ಒಂದು ಸ್ಪಷ್ಟನೆ

‘ಬೇರೆಯವರ ದನ ಮೇಯ್ದರೆ ಜಮೀನಿಗೆ ಗೊಬ್ಬರ ಸಿಗುತ್ತದೆ, ಹಾಗಾಗಿ ಜಮೀನಿನವರಿಗೆ ಏನೂ ಕೊಡಬೇಕಿಲ್ಲ’ ಎಂಬ ಮಾತು ಓಡಾಡುತ್ತಿದೆ. ಇದು ಅರ್ಧ ಸತ್ಯ.

ಗೊಬ್ಬರ ಸಿಗುವುದು ನಿಜ. ಆದರೆ 400 ಕಿಲೋ ತೂಕದ ಹಸುವಿಗೆ ದಿನಕ್ಕೆ ಸುಮಾರು 10 ಕಿಲೋ ಒಣ ಮೇವು ಬೇಕು. ಹಸಿ ಹುಲ್ಲಾದರೆ ಹೆಚ್ಚು ಕಡಿಮೆ 40 ಕಿಲೋ. ಆ ಹುಲ್ಲನ್ನು ಮಾರಬಹುದಿತ್ತು, ಅಲ್ವಾ?

ಮೇಯಲು ಜಾಗ ಕೊಡುವುದೇ ಬೇರೆ, ನೋಡಿಕೊಳ್ಳುವುದೇ ಬೇರೆ. ನೀರು ಕುಡಿಸುವುದು, ಬೇಲಿ ರಿಪೇರಿ, ದಿನಾ ತಲೆ ಎಣಿಸುವುದು, ಕುಂಟುವ ಕರುವನ್ನು ಗಮನಿಸುವುದು ಎಲ್ಲವೂ ಕೆಲಸವೇ. ಇದನ್ನು ಜನ ಸುಮ್ನೆ ಮರೆಯುತ್ತಾರೆ. ಮೇವಿನ ಬಾಡಿಗೆಯ ಜೊತೆ ಕೂಲಿಯೂ ಸೇರಬೇಕು. ಹಣದ ಬದಲು ಹುಟ್ಟುವ ಕರುಗಳಲ್ಲಿ ಪಾಲು ಕೊಡುವುದೂ ಸರಿಯೇ, ಆದರೆ ಅದು ಕೈಗೆ ಬರುವುದು ತಡ. ಔಷಧಿ ಖರ್ಚು ಯಾರದು, ದನ ಸತ್ತರೆ ನಷ್ಟ ಯಾರದು ಎಂಬುದನ್ನು ಮೊದಲೇ ಬರೆದಿಡಿ.