ಒಂದು ಕೌದಿ, ಎರಡು ಸೈನ್ಯ, ಒಬ್ಬನೇ ದೇವರು

ಅಮೆರಿಕಾದ ಕ್ರಿಶ್ಚಿಯನ್ ಪುಸ್ತಕದಂಗಡಿಗಳಲ್ಲಿ ಒಂದು ಥರದ ಕಾದಂಬರಿ ಸಿಗತ್ತೆ, ಓದೋದೇ ಬೇಡ, ಕವರ್ ನೋಡಿದ್ರೆ ಸಾಕು. ಉದ್ದ ಲಂಗದ ಹುಡುಗಿ ಬೇಲಿ ಹತ್ರ ನಿಂತ್ಕೊಂಡು ಎಲ್ಲೋ ದೂರ ನೋಡ್ತಿರ್ತಾಳೆ, ಕೈಯಲ್ಲಿ ಅರ್ಧ ಹೊಲಿದ ಕೌದಿ, ಹಿಂದೆ ಒಂಚೂರು ಹೊಗೆ. ಆ ಹೊಗೆನೇ ಯುದ್ಧ. 1861ರಿಂದ 1865ರ ತನಕ ಗುಲಾಮಗಿರಿ ವಿಷಯಕ್ಕೆ ಅಮೆರಿಕಾದ ಉತ್ತರದೋರಿಗೂ ದಕ್ಷಿಣದೋರಿಗೂ ನಡೆದ ಸಿವಿಲ್ ವಾರ್ ಪೂರ್ತಿ ಆ ಹೊಗೆಯಲ್ಲೇ ಮುಗಿಸ್ಬಿಡ್ತಾರೆ, ಒಳಗಿನ ಮುನ್ನೂರು ಪೇಜು ಹೊಲಿಗೆಗೆ ಬೇಕಲ್ಲ.

ಈ ಪುಸ್ತಕಗಳಿಗೆ ಮಡಿ ಜಾಸ್ತಿ. ಬೈಗುಳ ಇರಂಗಿಲ್ಲ, ಕುಡಿಯೋನು ವಿಲನ್ನೇ ಆಗಿರ್ಬೇಕು, ಮುತ್ತು ಕೊನೇ ಚಾಪ್ಟರಲ್ಲಿ ಒಂದೇ ಒಂದು. ಆ ಯುದ್ಧದಲ್ಲಿ 6 ಲಕ್ಷ 20 ಸಾವಿರ ಜನ ಸತ್ರು ಅನ್ನೋದು ಹಳೇ ಲೆಕ್ಕ, ಆಮೇಲಿನೋರು ಇನ್ನೂ ಜಾಸ್ತಿ ಅಂತಾರೆ, ಅಷ್ಟೂ ಜನರಲ್ಲಿ ಒಬ್ಬನ ಬಾಯಲ್ಲೂ ಒಂದು ಕೆಟ್ಟ ಮಾತು ಬರಲ್ಲ ನೋಡಿ, ಕಾಲು ಕೊಯ್ಯುವಾಗಲೂ ಸಿಪಾಯಿ "ಯೆಹೋವನು ನನಗೆ ಕುರುಬನು" ಅಂತ ಬೈಬಲ್ ಕೀರ್ತನೆ ತಣ್ಣಗೆ ಹೇಳ್ಕೊಂಡು ಮಲಗಿರ್ತಾನೆ.

ಪ್ರಾರ್ಥನೆ ಅಂತೂ ಧಾರಾಳ. ಎರಡೂ ಕಡೆಯೋರು ಓದೋದು ಅದೇ ಬೈಬಲ್, ಬೇಡ್ಕೊಳ್ಳೋದು ಅದೇ ದೇವರನ್ನ ಅಂತ ಆಗಿನ ಅಧ್ಯಕ್ಷ ಲಿಂಕನ್ನೇ 1865ರ ಮಾರ್ಚಲ್ಲಿ ಹೇಳಿದ್ದ, ಹೇಳುವಾಗ ಅವನಿಗೆ ಸಂಕಟ ಇತ್ತು, ಇವರಿಗೆ ಅದು ಎರಡೂ ಕಡೆ ಪುಸ್ತಕ ಮಾರೋ ಐಡಿಯಾ. ಲೂಸಿಯಾನಾದ ಬಿಷಪ್ ಲಿಯೊನಿಡಾಸ್ ಪೋಕ್ ಅಂತ ಒಬ್ಬರಿದ್ರು, ನೂರಾರು ಗುಲಾಮರ ಮಾಲೀಕರು, ಯುದ್ಧ ಶುರುವಾದ ತಕ್ಷಣ ನಿಲುವಂಗಿ ಬಿಚ್ಚಿಟ್ಟು ದಕ್ಷಿಣದೋರ ಕಾನ್ಫೆಡರೇಟ್ ಸೈನ್ಯದಲ್ಲಿ ಜನರಲ್ ಆದ್ರು, 1864ರಲ್ಲಿ ಜಾರ್ಜಿಯಾದ ಪೈನ್ ಮೌಂಟನ್ ಮೇಲೆ ಫಿರಂಗಿ ಗುಂಡಿಗೆ ಹೋದ್ರು, ಜೇಬಲ್ಲಿ ಪ್ರಾರ್ಥನೆ ಪುಸ್ತಕ ಇತ್ತು. ಇಂಥೋರನ್ನ ಕಾದಂಬರಿಯೊಳಗೆ ಬಿಟ್ಕೊಳ್ಳಲ್ಲ, ಕೌದಿಗೆ ರಕ್ತ ಹಾರತ್ತೆ.

ನಿಜವಾದ ಕೌದಿ ಕಥೆ ಬೇರೆ. ಗಾಯಾಳು ಸಿಪಾಯಿಗಳ ಆರೈಕೆಗೆ ಅಂತಿದ್ದ ಉತ್ತರದ ಸ್ಯಾನಿಟರಿ ಕಮಿಷನ್ ಹೆಂಗಸರಿಗೆ ಕೇಳಿದ್ದು ಅಗ್ಗದ ಬಟ್ಟೆದು, 7 ಅಡಿ ಉದ್ದ, 50 ಇಂಚು ಅಗಲ, ಆಸ್ಪತ್ರೆ ಮಂಚಕ್ಕೆ ಸರಿಯಾಗಿ. ಅವು ಸೀಲ್ ಹೊಡೆಸ್ಕೊಂಡು ಹೋದ್ವು, ಕೀವು ರಕ್ತ ಎಲ್ಲ ಕುಡಿದು ಹರಿದು ಹೋದ್ವು, ಎಷ್ಟೋ ಹೆಣದ ಜೊತೆ ಮಣ್ಣು ಸೇರಿದ್ವು, ಇವತ್ತು ಉಳಿದಿರೋದು ಬೆರಳೆಣಿಕೆಯಷ್ಟು. ಕಾದಂಬರಿಯ ಕೌದಿ ಮಾತ್ರ ಚಿರಂಜೀವಿ, ಗೆಟ್ಟಿಸ್‌ಬರ್ಗ್ ಯುದ್ಧ ದಾಟ್ಕೊಂಡು ವಾಪಸ್ ಬಂದೇ ಬರತ್ತೆ, ಒಳಗೆ ಒಂದು ಲೆಟರ್ ಸಮೇತ. ಇನ್ನು ದಕ್ಷಿಣದ ಅಲಬಾಮಾದಲ್ಲಿ 1862ರಲ್ಲಿ ಚಂದದ ಹೂವಿನ ಕೌದಿ ಹೊಲಿದು ಹರಾಜು ಹಾಕಿದ್ರು, ಕೊಂಡೋರು ವಾಪಸ್ ಕೊಡೋದು, ಮತ್ತೆ ಹರಾಜು ಕೂಗೋದು, ನಮ್ಮ ಗಣೇಶನ ಲಡ್ಡು ಹರಾಜಿನ ಹಾಗೇ. ದುಡ್ಡು ಯಾವುದಕ್ಕೆ ಅಂದ್ರೆ, ಗನ್‌ಬೋಟ್, ಅಂದ್ರೆ ಫಿರಂಗಿ ಹೊತ್ತ ಯುದ್ಧದ ದೋಣಿ ಕಟ್ಟಿಸೋಕೆ! ಹೂವಿನ ಅಂಚು ಹೊಲಿದ ಕೈಯೇ ಫಿರಂಗಿಗೂ ಚಂದಾ ಎತ್ತಿದ್ದು.

ಸರಿ, ಆ ಕೌದಿಯೊಳಗಿನ ಹತ್ತಿ ಬಿಡಿಸಿದ್ದು ಯಾರು? 1860ರ ಜನಗಣತಿಯಲ್ಲಿ ಸುಮಾರು 40 ಲಕ್ಷ ಗುಲಾಮರಿದ್ರು, ಕಾದಂಬರಿಗೆ ಅವರು ಬರೋದು ರಾತ್ರಿ ಹೊತ್ತು ಮಾತ್ರ. ಹೀರೋಯಿನ್ ಬೇಲಿ ಮೇಲೆ ಕೌದಿ ಒಣಗಿಸ್ತಾಳೆ, ಓಡಿಹೋಗೋ ಗುಲಾಮರು ಅದರ ಡಿಸೈನ್ ನೋಡಿ ಇಂಥ ಕಡೆ ದಾರಿ ಅಂತ ತಿಳ್ಕೊಳ್ತಾರೆ, ಥ್ಯಾಂಕ್ಸ್ ಅಮ್ಮಾವ್ರೇ ಅಂತಾರೆ, ಪೇಜ್ ದಾಟಿ ಹೋಗ್ತಾರೆ. ಈ ಕೌದಿ ಕೋಡ್, ಅಂದ್ರೆ ಗುಟ್ಟಿನ ಸಂಕೇತಕ್ಕೆ ಆ ಕಾಲದ ಒಂದು ದಾಖಲೆನೂ ಇಲ್ಲ. ಗುಲಾಮನಾಗಿದ್ದು ಆಮೇಲೆ ಗುಲಾಮಗಿರಿ ವಿರುದ್ಧ ಹೋರಾಡಿದ ಫ್ರೆಡರಿಕ್ ಡಗ್ಲಸ್ 1838ರಲ್ಲಿ ತಪ್ಪಿಸ್ಕೊಂಡಿದ್ದು ನಾವಿಕನ ಡ್ರೆಸ್ ಹಾಕ್ಕೊಂಡು, ಇನ್ನೊಬ್ಬನ ಕಾಗದಪತ್ರ ಹಿಡ್ಕೊಂಡು, ರೈಲು ಹತ್ತಿ. ಆದ್ರೂ ನ್ಯೂಯಾರ್ಕಲ್ಲಿ ಅವನ ಸ್ಮಾರಕಕ್ಕೇ ಕಲ್ಲಲ್ಲಿ ಕೌದಿ ಡಿಸೈನ್ ಹಾಕಿ ಕೋಡ್ ವಿವರಿಸೋ ಫಲಕ ಇಡೋಕೆ ಹೊರಟಿದ್ರು, 2007ರಲ್ಲಿ ಇತಿಹಾಸಕಾರರು ಗಲಾಟೆ ಮಾಡಬೇಕಾಯ್ತು.

ಕೌದಿ, ಭಕ್ತಿ, ಯುದ್ಧ ಮೂರೂ ಒಟ್ಟಿಗೆ ಕಂಡ ಹೆಂಗಸು ಬೇಕಂದ್ರೆ ಹ್ಯಾರಿಯೆಟ್ ಪವರ್ಸ್ ಇದ್ದಾಳಲ್ಲ. 1837ರಲ್ಲಿ ಜಾರ್ಜಿಯಾದಲ್ಲಿ ಗುಲಾಮಳಾಗಿ ಹುಟ್ಟಿದೋಳು, ಯುದ್ಧ ಮುಗಿದು ಸ್ವತಂತ್ರಳಾದ ಮೇಲೆ ಇಡೀ ಬೈಬಲನ್ನೇ ಬಟ್ಟೆ ತುಂಡಲ್ಲಿ ಹೊಲಿದ್ಲು, ಆದಾಮ ಹವ್ವರಿಂದ ಹಿಡಿದು ಏಸುವಿನ ಶಿಲುಬೆ ತನಕ. 1886ರ ಮೇಳದಲ್ಲಿ ಅದನ್ನ ನೋಡಿದ ಒಬ್ಬಳು ಬಿಳಿ ಟೀಚರ್ ಕೊಂಡ್ಕೊಳ್ತೀನಿ ಅಂದಾಗ ಕೊಡಲ್ಲ ಅಂದೋಳು, ಆಮೇಲೆ ಕಷ್ಟ ಬಂತು, ಎತ್ತಿನ ಗಾಡಿಯಲ್ಲಿ ಬಂದ್ಲು, ಕೌದಿ ಹಿಟ್ಟಿನ ಚೀಲದಲ್ಲಿ, ಮೇಲೊಂದು ಗೋಣಿಚೀಲ, ಮಡಿಲಲ್ಲಿ ಇಟ್ಕೊಂಡು. ಕೇಳಿದ್ದು 10 ಡಾಲರ್, ಸಿಕ್ಕಿದ್ದು 5. ಆಮೇಲೂ ಅದನ್ನ ನೋಡೋಕೆ ಆ ಮನೆಗೆ ಬರ್ತಿದ್ಲಂತೆ. ಈಗ ಅದು ಸ್ಮಿತ್ಸೋನಿಯನ್ ಮ್ಯೂಸಿಯಮ್ಮಲ್ಲಿದೆ.

ಆಕೆಯ ಇನ್ನೊಂದು ಕೌದಿ ಬಾಸ್ಟನ್ ಮ್ಯೂಸಿಯಮ್ಮಲ್ಲಿದೆ, ಅದ್ರಲ್ಲಿ ಯೋಬ, ಯೋನ, ಮೋಶೆ ಎಲ್ಲರ ಜೊತೆ ಬೆಟ್ಸ್ ಅನ್ನೋ ಹಂದಿ ಇದೆ, ಯಾರ ಮಾತೂ ಕೇಳದ ಹಂದಿ, ಜಾರ್ಜಿಯಾದಿಂದ ವರ್ಜೀನಿಯಾಕ್ಕೆ 500 ಮೈಲಿ ಒಂದೇ ಉಸಿರಿಗೆ ಉತ್ತರಕ್ಕೆ ಓಡಿದ್ದು. ಈ ಕಥೆ ತಗೊಂಡು ಯಾವ ಪಬ್ಲಿಷರ್ ಹತ್ರ ಬೇಕಾದ್ರೂ ಹೋಗಿ, ಎಡಿಟರ್ ಕಣ್ಣೊರೆಸ್ಕೊಂಡೇ ಕೇಳ್ತಾರೆ, ಪೂರ್ತಿ ಕೇಳಿ ಆಮೇಲೆ ಅಂತಾರೆ: ತುಂಬಾ ಚೆನ್ನಾಗಿದೆ ಬ್ರದರ್, ದೇವರಿಗೆ ಸ್ತೋತ್ರ, ಆದ್ರೆ ಆ ಹಂದಿ ಬೇಡ, ಅಲ್ಲೊಂದು ಕುರಿಮರಿ ಹಾಕೋಣ, ಓಡೋದು ಬೇಡ, ಸುಮ್ನೆ ಮಲಗಿರ್ಲಿ.