ರಬ್ಬರ್ ಕಳೆದು ಲೋಹ ತುಂಬಬೇಡಿ

ಇವತ್ತು ನನಗೆ ಸಿಟ್ಟು ಬಂದಿದೆ. ಬರೆದು ಹಾಕದೆ ಇದ್ದರೆ ನಿದ್ದೆ ಬರುವುದಿಲ್ಲ. ಸ್ವಲ್ಪ ಉದ್ದ ಆಗುತ್ತೆ. ಪುರುಸೊತ್ತು ಇದ್ದವರು ಓದಿ, ಮನೆಯಲ್ಲಿ ಪಿಕಪ್ ಇದ್ದವರು ಪುರುಸೊತ್ತು ಮಾಡಿಕೊಂಡು ಓದಿ.

ಬೆಳಿಗ್ಗೆ ನನ್ನ ಟೈರ್ ಅಂಗಡಿ ತೆಗೆದು ಕಂಪ್ರೆಸರ್ ಚಾಲೂ ಮಾಡುತ್ತಿದ್ದೆ. ವಿಜಯಪುರ ಜಿಲ್ಲೆಯ ಬಬಲೇಶ್ವರ ಕಡೆಯ ಹುಡುಗನೊಬ್ಬ ಹೊಸ ಪಿಕಪ್ ತಂದು ನಿಲ್ಲಿಸಿದ. ದ್ರಾಕ್ಷಿ ತೋಟದ ಮನೆತನ, ಒಳ್ಳೆಯ ಹುಡುಗ. ಗಾಡಿಯೂ ಒಳ್ಳೆಯದೇ. ಆದರೆ ಕಂಪನಿ ಕೊಟ್ಟ 18 ಇಂಚಿನ ರಿಮ್ ಬಿಚ್ಚಿಸಿ, ಬೇರೆ ಊರಿನ ಯಾವುದೋ ಅಂಗಡಿಯಲ್ಲಿ 22 ಇಂಚಿನ ಅಲಾಯ್ ಹಾಕಿಸಿಕೊಂಡು ಬಂದಿದ್ದ. ಮುಂದಿನ ಎಡಗಡೆ ರಿಮ್ಮಿನ ಅಂಚು ಬಾಗಿತ್ತು. ಅದೇ ಟೈರಿನ ಪಕ್ಕೆಯಲ್ಲಿ ದಪ್ಪ ಗುಳ್ಳೆ ಎದ್ದಿತ್ತು. "ಸ್ಟೇರಿಂಗ್ ನಡಗಾಕತ್ತೈತಿ ಕಾಕಾ, ಬ್ಯಾಲೆನ್ಸ್ ಮಾಡಿ ಕೊಡ್ರಿ" ಅಂದ.

ಹಿಂದಿನ ಸೀಟಿನಲ್ಲಿ ಅವನ ತಾಯಿ ಕೂತಿದ್ದರು. ಇಳಿಯುವಾಗ ಬಾಗಿಲು ಹಿಡಿದುಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತರು. "ಹೊಸಾ ಗಾಡಿ ಅಂತ ಕುಂತೆ ತಮ್ಮಾ, ಇಲ್ಲಿಗೆ ಬರೂದ್ರಾಗ ಸೊಂಟ ಹೋತು" ಅಂದರು. ಅದಕ್ಕೆ ಮಗ ಏನಂದ ಗೊತ್ತಾ? "ಪಿಕಪ್ ಅಂದ್ರ ಹಿಂಗ ಇರ್ತಾವ ಬೇ, ರೂಢಿ ಆಗ್ತೈತಿ."

ಆ ಮಾತಿಗೇ ನನ್ನ ಸಿಟ್ಟು. ಪಿಕಪ್ ಅಂದರೆ ಹಾಗೇ ಇರುವುದಿಲ್ಲ. ಹಾಗೆ ಮಾಡಿದ್ದು ಆ ರಿಮ್. ಅಷ್ಟು ದುಡ್ಡು ಕೊಟ್ಟು ಗಾಡಿ ತಂದು, ಮೇಲೆ ಮತ್ತೆ ದುಡ್ಡು ಸುರಿದು, ಅದರಲ್ಲಿದ್ದ ಆರಾಮವನ್ನು ಕೈಯಾರೆ ತೆಗೆಸಿ ಹಾಕಿದ್ದಾನೆ. ಪೆಟ್ಟು ತಿಂದದ್ದು ತಾಯಿ.

ಈ ಕೆಲಸದಲ್ಲೇ ನಾನು ಬೆಳೆದವನು ಅಂತ ನಿಮಗೆಲ್ಲ ಗೊತ್ತು. ಟೈರು, ಗಾಳಿ, ಅಲೈನ್‌ಮೆಂಟ್ ಬಿಟ್ಟು ಬೇರೆ ವಿದ್ಯೆ ನನಗಿಲ್ಲ. ಇದರ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳಬಲ್ಲೆ.

ಟೈರಿನ ಮೇಲಿರುವ ಅಂಕಿಗಳನ್ನು ಒಮ್ಮೆ ಓದಿ ನೋಡಿ. ನಮ್ಮ ದೇಶದಲ್ಲಿ 2022ರಲ್ಲಿ ಬಂದ ಟೊಯೋಟ ಹೈಲಕ್ಸ್‌ಗೆ ಕಂಪನಿ ಕೊಟ್ಟ 18 ಇಂಚಿನ ಟೈರ್ 265/60 ಆರ್18. 265 ಅಂದರೆ ಮಿಲಿಮೀಟರ್ ಲೆಕ್ಕದಲ್ಲಿ ಟೈರಿನ ಅಗಲ. ಆ ಅಗಲದ ಶೇ. 60ರಷ್ಟು ಸೈಡ್‌ವಾಲ್, ಅಂದರೆ ಟೈರಿನ ಪಕ್ಕೆಯ ಎತ್ತರ. 18 ಅಂದರೆ ರಿಮ್ಮಿನ ಇಂಚು. ಗುಣಿಸಿದರೆ ರಿಮ್ಮಿನ ಅಂಚಿನಿಂದ ನೆಲದ ತನಕ 159 ಮಿಲಿಮೀಟರ್ ರಬ್ಬರು ಮತ್ತು ಗಾಳಿ ಸಿಗುತ್ತದೆ.

ಈಗ ಇದಕ್ಕೆ 22 ಇಂಚಿನ ರಿಮ್ ಹಾಕಬೇಕು. ಗಾಲಿಯ ಒಟ್ಟು ಎತ್ತರ ಜಾಸ್ತಿ ಬದಲಾಗುವಂತಿಲ್ಲ. ಬದಲಾದರೆ ಮಡ್‌ಗಾರ್ಡಿಗೆ ತಾಗುತ್ತದೆ, ಸ್ಪೀಡೋಮೀಟರ್ ತಪ್ಪು ತೋರಿಸುತ್ತದೆ. ಹಾಗಾಗಿ 265/40 ಆರ್22 ಟೈರ್ ಹಾಕುತ್ತಾರೆ. ಸೈಡ್‌ವಾಲ್ ಎಷ್ಟು ಉಳಿಯಿತು? 106 ಮಿಲಿಮೀಟರ್. 53 ಮಿಲಿಮೀಟರ್ ಹೋಯಿತು. ಮೂರರಲ್ಲಿ ಒಂದು ಪಾಲು ರಬ್ಬರು ತೆಗೆದು ಆ ಜಾಗಕ್ಕೆ ಲೋಹ ತುಂಬಿದ ಹಾಗಾಯಿತು.

ಗಾಡಿಗೆ ಮೊದಲನೇ ಸ್ಪ್ರಿಂಗ್ ಅಂದರೆ ಟೈರ್. ಇದನ್ನು ಯಾರೂ ನೆನಪಿಡುವುದಿಲ್ಲ. ಶಾಕ್ ಅಬ್ಸಾರ್ಬರ್, ಸ್ಪ್ರಿಂಗ್ ಎಲ್ಲ ಆಮೇಲೆ. ಸಣ್ಣ ಕಲ್ಲು, ಡಾಂಬರಿನ ಬಿರುಕು, ಕಿತ್ತು ಹೋದ ಜಲ್ಲಿ, ಇವುಗಳ ಪೆಟ್ಟನ್ನು ಮೊದಲು ನುಂಗುವುದು ಟೈರಿನ ಪಕ್ಕೆ. ಪಕ್ಕೆ ಬಗ್ಗಿದರೆ ಪೆಟ್ಟು ಅಲ್ಲೇ ಸಾಯುತ್ತದೆ. ಬಗ್ಗಲು ಜಾಗ ಇಲ್ಲದಿದ್ದರೆ ಪೆಟ್ಟು ನೇರ ರಿಮ್ಮಿಗೆ, ರಿಮ್ಮಿಂದ ಆಕ್ಸಲ್ಲಿಗೆ, ಅಲ್ಲಿಂದ ಸೀಟಿಗೆ ಬರುತ್ತದೆ.

ಪಿಕಪ್‌ನಲ್ಲಿ ಇದು ಇನ್ನೂ ಜಾಸ್ತಿ ಆಗುತ್ತದೆ. ಕಾರಣ ಹಿಂದಿನ ಪಾಟಾ, ಅಂದರೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗ್. ಹೈಲಕ್ಸ್ ಇರಲಿ, ಇಸುಜು ವಿ-ಕ್ರಾಸ್ ಇರಲಿ, ಹಿಂದೆ ಇರುವುದು ಲೀಫ್ ಸ್ಪ್ರಿಂಗ್. ಭಾರ ಹೊರಲಿ ಅಂತ ಮಾಡಿದ್ದು. ಹಿಂದೆ ಮಾಲು ಇದ್ದಾಗ ಅದು ಚೆನ್ನಾಗಿ ಬಗ್ಗುತ್ತದೆ, ಖಾಲಿ ಇದ್ದಾಗ ಬಿಗಿ. ಜೊತೆಗೆ ಪಾಟಾದ ಎಲೆಗಳು ಒಂದಕ್ಕೊಂದು ಉಜ್ಜುತ್ತವೆ. ಆ ಉಜ್ಜಾಟ ಮೀರುವಷ್ಟು ಜೋರಾದ ಪೆಟ್ಟು ಬೀಳುವ ತನಕ ಪಾಟಾ ಅಲುಗುವುದೇ ಇಲ್ಲ. ಅಂದರೆ ಸಣ್ಣ ಸಣ್ಣ ಕುಲುಕಾಟಕ್ಕೆ ಹಿಂದಿನ ಸೀಟಿನವರನ್ನು ಕಾಯುವುದು ಟೈರ್ ಒಂದೇ. ನೀವು ಅದನ್ನೇ ತೆಳ್ಳಗೆ ಮಾಡಿಸಿಕೊಂಡು ಬಂದರೆ ಹಿಂದೆ ಕೂತವರಿಗೆ ಉಳಿದದ್ದಾದರೂ ಏನು?

ತೂಕದ ವಿಷಯವೂ ಇದೆ. ದೊಡ್ಡ ರಿಮ್ಮಿನಲ್ಲಿ ಲೋಹ ಜಾಸ್ತಿ, ಹಾಗಾಗಿ ಸಾಮಾನ್ಯವಾಗಿ ತೂಕವೂ ಜಾಸ್ತಿ. ಈ ತೂಕ ಸ್ಪ್ರಿಂಗಿನ ಕೆಳಗೆ ಬೀಳುತ್ತದೆ. ಸ್ಪ್ರಿಂಗಿನ ಮೇಲಿನ ತೂಕವನ್ನು ಸ್ಪ್ರಿಂಗ್ ಹೊರುತ್ತದೆ, ಕೆಳಗಿನ ತೂಕವನ್ನು ಶಾಕ್ ಅಬ್ಸಾರ್ಬರ್ ತಡೆದು ಹಿಡಿಯಬೇಕು. ತಗ್ಗಿಗೆ ಬಿದ್ದ ಗಾಲಿ ಭಾರ ಇದ್ದಷ್ಟೂ ಕುಣಿತ ಜಾಸ್ತಿ, ನೆಲ ಬಿಟ್ಟು ಏಳುವುದೂ ಜಾಸ್ತಿ. ಪಿಕಪ್‌ನ ಹಿಂದಿನ ಆಕ್ಸಲ್ ಮೊದಲೇ ಭಾರ. ಅದಕ್ಕೆ ಇನ್ನಷ್ಟು ಕಟ್ಟಿ ಓಡಿಸುತ್ತಾರೆ.

ಆ ಹುಡುಗ ಇನ್ನೊಂದು ಕೆಲಸ ಮಾಡಿದ್ದ. ಗಾಡಿ ಬಡಿಯುತ್ತಿದೆ ಅಂತ ಗಾಳಿ ಇಳಿಸಿಕೊಂಡಿದ್ದ. ಇದನ್ನು ಬಹಳ ಜನ ಮಾಡುತ್ತಾರೆ, ದಯವಿಟ್ಟು ಮಾಡಬೇಡಿ. ಭಾರ ಹೊರುವುದು ಗಾಳಿ. ತೆಳು ಟೈರಿನಲ್ಲಿ ಗಾಳಿಗೆ ಜಾಗ ಮೊದಲೇ ಕಡಿಮೆ. ಅದನ್ನೂ ಇಳಿಸಿದರೆ ತಗ್ಗಿನ ಅಂಚಿಗೆ ಬಡಿದಾಗ ಟೈರು ಪೂರ್ತಿ ಚಪ್ಪಟೆಯಾಗಿ, ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಒಳಗಿನ ದಾರ ಹರಿಯುತ್ತದೆ. ಗುಳ್ಳೆ ಏಳುವುದು ಹೀಗೆ. ಗುಳ್ಳೆ ಎದ್ದ ಟೈರಿಗೆ ರಿಪೇರಿ ಇಲ್ಲ. ಎಲ್ಲಿ ಒಡೆಯುತ್ತದೆ, ಯಾವಾಗ ಒಡೆಯುತ್ತದೆ ಹೇಳಲಾಗದು. ಆ ಟೈರಿನಲ್ಲಿ ಅವನು ತಾಯಿಯನ್ನು ಕೂರಿಸಿಕೊಂಡು ಬಂದಿದ್ದ. ಹಳೆಯ ಸ್ಟೆಪ್ನಿ ಹಾಕಿ ನಿಧಾನ ಹೋಗು ಅಂತ ಹೇಳಿ ಕಳಿಸಿದೆ. ಬ್ಯಾಲೆನ್ಸ್ ಮಾಡಿ ಕೊಡಲಿಲ್ಲ. ಮಾಡುವುದೂ ಇಲ್ಲ.

ನಮ್ಮ ರಸ್ತೆ ಎಂಥದು ಅಂತ ಯೋಚನೆ ಮಾಡಿ. ನಮ್ಮದು ಎರೆ ಮಣ್ಣು. ಮಳೆ ಬಂದರೆ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ಹಾಕಿದ ಡಾಂಬರು ಸಪಾಟಾಗಿ ನಿಲ್ಲುವುದು ಕಷ್ಟ. ಒಂದು ಕಡೆ ಏಳುತ್ತದೆ, ಇನ್ನೊಂದು ಕಡೆ ಕೂರುತ್ತದೆ, ಅಂಚು ಒಡೆಯುತ್ತದೆ. ಕಬ್ಬಿನ ಸೀಸನ್‌ನಲ್ಲಿ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್‌ಗಳು ಅದೇ ರಸ್ತೆಯಲ್ಲಿ ಓಡಾಡುತ್ತವೆ. ಜಮಖಂಡಿ, ಮುಧೋಳ ಕಡೆ ಹೋದವರಿಗೆ ನಾನು ಹೇಳಬೇಕಾಗಿಲ್ಲ. ಈ ರಸ್ತೆಗೆ ಬೇಕಾದದ್ದು ಎತ್ತರದ ಪಕ್ಕೆಯ ಟೈರ್.

"ಅಮೆರಿಕದಾಗ 22 ಇಂಚು ಕಂಪನಿಯವರ ಕೊಡ್ತಾರಲ್ರಿ" ಅಂತ ಆ ಹುಡುಗ ವಾದ ಮಾಡಿದ. ಫೋನ್ ತೆಗೆದು ಫೋಟೋ ತೋರಿಸಿದ. ಹೌದು, ಕೊಡುತ್ತಾರೆ. ಜಿಎಂಸಿ ಸಿಯೆರಾ ಡೆನಾಲಿ ಅಂತ ಐಷಾರಾಮಿ ಪಿಕಪ್ ಇದೆ, ಅದಕ್ಕೆ 22 ಇಂಚು ಸಿಗುತ್ತದೆ. ಆದರೆ ಅದರ ಟೈರ್ 275/50 ಆರ್22. ಲೆಕ್ಕ ಹಾಕಿ. ಸೈಡ್‌ವಾಲ್ 137.5 ಮಿಲಿಮೀಟರ್. ಅವರ ಗಾಲಿಯೇ ಒಟ್ಟಾರೆ ದೊಡ್ಡದು. ರಿಮ್ 22 ಆದ ಮೇಲೂ ರಬ್ಬರು ಉಳಿದಿದೆ. ನಮ್ಮ ಹುಡುಗರು ಸಣ್ಣ ಗಾಲಿಯ ಒಳಗೆ 22 ತುರುಕಿ 106ಕ್ಕೆ ಇಳಿಸುತ್ತಾರೆ. ಎರಡಕ್ಕೂ ಹೆಸರು 22 ಇಂಚು, ಕೂತವರ ಬೆನ್ನಿಗೆ ಎರಡೂ ಒಂದೇ ಅಲ್ಲ.

ಇನ್ನೊಂದು ಮಾತು. ಅಲ್ಲಿ ಐಷಾರಾಮಿ ಪಿಕಪ್ ಮಾಡುವವರು ಕೆಳಗಿನ ಸಾಮಾನನ್ನೂ ಬದಲಿಸಿದ್ದಾರೆ. ರಾಮ್ 1500 ಅನ್ನುವ ಪಿಕಪ್‌ನಲ್ಲಿ 2009ರ ಮಾಡೆಲ್‌ನಿಂದಲೇ ಹಿಂದಿನ ಪಾಟಾ ತೆಗೆದು ಕಾಯಿಲ್ (ಸುರುಳಿ) ಸ್ಪ್ರಿಂಗ್ ಹಾಕಿದರು. 2013ಕ್ಕೆ ನಾಲ್ಕೂ ಗಾಲಿಗೆ ಏರ್ ಸಸ್ಪೆನ್ಷನ್, ಅಂದರೆ ಗಾಳಿ ತುಂಬಿದ ಸ್ಪ್ರಿಂಗ್, ಬೇಕಾದವರಿಗೆ ಕೊಟ್ಟರು. ಬ್ಯಾಟರಿಯಿಂದ ಓಡುವ ರಿವಿಯನ್ ಆರ್1ಟಿಯಲ್ಲೂ ಏರ್ ಸಸ್ಪೆನ್ಷನ್ ಇದೆ. ಅದರಲ್ಲಿ 22 ಇಂಚೂ ಸಿಗುತ್ತದೆ. ಆದರೆ ಕಚ್ಚಾ ರಸ್ತೆಗೆ ಅಂತ ಅವರು ಕೊಟ್ಟದ್ದು 20 ಇಂಚಿನ ರಿಮ್, 275/65ರ ಟೈರು. ಸೈಡ್‌ವಾಲ್ ಸುಮಾರು 179 ಮಿಲಿಮೀಟರ್. ಮಾಡಿದವರಿಗೇ ಗೊತ್ತು ಯಾವ ರಸ್ತೆಗೆ ಯಾವುದು ಅಂತ.

ಫೋರ್ಡ್ ರ‍್ಯಾಪ್ಟರ್ ನೋಡಿ. ಮರಳುಗಾಡಿನಲ್ಲಿ ಹಾರಿಸಲು ಅಂತಲೇ ಮಾಡಿದ ಪಿಕಪ್. ಎಫ್-150 ರ‍್ಯಾಪ್ಟರ್‌ನ ರಿಮ್ 17 ಇಂಚು, ಟೈರಿನ ಎತ್ತರ 35 ಇಂಚು. ಮರಳುಗಾಡಿನ ಡಕಾರ್ ರ‍್ಯಾಲಿ ರೇಸಿನಲ್ಲಿ 2022ರಿಂದ ಓಡುತ್ತಿರುವ ಟಿ1+ ವರ್ಗದ ಕಾರುಗಳ ಟೈರ್ 37 ಇಂಚು, ರಿಮ್ ಮಾತ್ರ 17. ಆ ವರ್ಷವೂ ಮರುವರ್ಷವೂ ನಾಸೆರ್ ಅಲ್-ಅತಿಯಾ ಗೆದ್ದದ್ದು ಹೈಲಕ್ಸ್ ಹೆಸರಿನ ಅಂಥ ಗಾಡಿಯಲ್ಲೇ. ಕಲ್ಲು, ಮರಳು, ತಗ್ಗು ಇರುವ ಕಡೆ ಗೆಲ್ಲುವವರು ಟೈರನ್ನು ದೊಡ್ಡದು ಮಾಡುತ್ತಾರೆ, ರಿಮ್ಮನ್ನು ಸಣ್ಣದಾಗಿಯೇ ಇಡುತ್ತಾರೆ. ನಮ್ಮಲ್ಲಿ ಫೋಟೋ ಹಾಕುವುದು ಆ ಗಾಡಿಯದು, ರಿಮ್ ಹಾಕಿಸುವುದು ಪೂರ್ತಿ ಉಲ್ಟಾ.

ಇಷ್ಟು ಹೇಳಿದರೆ ಒಂದು ಮಾತು ಬರುತ್ತದೆ: "ದೊಡ್ಡ ರಿಮ್ ಹಾಕಿದರೆ ತಿರುವಿನಲ್ಲಿ ಹಿಡಿತ ಚೆನ್ನಾಗಿರುತ್ತೆ." ನಿಜ. ಪಕ್ಕೆ ಕಡಿಮೆ ಇದ್ದರೆ ಟೈರು ಅಡ್ಡ ಕಡಿಮೆ ಬಾಗುತ್ತದೆ, ಸ್ಟೇರಿಂಗ್ ತಿರುಗಿಸಿದ ಕೂಡಲೇ ಗಾಡಿ ತಿರುಗುತ್ತದೆ. ರೇಸಿನ ಕಾರಿಗೆ ಅದು ಬೇಕು. ಸೊಲ್ಲಾಪುರದಿಂದ ಹುಬ್ಬಳ್ಳಿ ತನಕ ಹೋಗುವ ಹೆದ್ದಾರಿ 52ರಲ್ಲಿ, ಕೊಲ್ಹಾರ ಸೇತುವೆ ದಾಟುವಾಗ, ಎರಡು ಟನ್ನಿನ ಪಿಕಪ್‌ಗೆ ಅಂಥ ತಿರುವು ಎಲ್ಲಿದೆ? ಬ್ರೇಕ್ ಚೆನ್ನಾಗಿರುತ್ತೆ ಅನ್ನುತ್ತಾರೆ. ದೊಡ್ಡ ರಿಮ್ಮಿನ ಒಳಗೆ ದೊಡ್ಡ ಬ್ರೇಕ್ ಹಿಡಿಸುತ್ತದೆ, ಅದು ಸರಿ. ನೀವು ಬದಲಿಸಿದ್ದು ಬರೀ ರಿಮ್. ಒಳಗಿನ ಬ್ರೇಕ್ ಅದೇ ಹಳೆಯದು. ಈಗ ಅದು ಮೊದಲಿಗಿಂತ ಭಾರದ ಗಾಲಿ ನಿಲ್ಲಿಸಬೇಕು.

"ಹೆದ್ದಾರಿ ಈಗ ಚೆನ್ನಾಗಿದೆಯಲ್ಲ" ಅನ್ನುವವರೂ ಇದ್ದಾರೆ. ಹೆದ್ದಾರಿ ಚೆನ್ನಾಗಿದೆ. ಮನೆ ಹೆದ್ದಾರಿ ಮೇಲೆ ಇದೆಯಾ? ತೋಟ ಇದೆಯಾ? ಹೊಸ ಗಾಡಿಯನ್ನು ಹಾಳು ಮಾಡುವುದು ಹೆದ್ದಾರಿ ಬಿಟ್ಟು ಊರಿಗೆ ತಿರುಗಿದ ಮೇಲಿನ ದಾರಿ.

ಒಂದು ವಿಷಯ ಹೇಳಲೇಬೇಕು, ಇಷ್ಟು ದಿನ ಇಲ್ಲಿ ಬರೆದಿರಲಿಲ್ಲ. ನಮ್ಮಪ್ಪ ಲೋಡಿಂಗ್ ಗಾಡಿ ಓಡಿಸುತ್ತಿದ್ದರು. ತಿಕೋಟಾ ಕಡೆಯ ಒಣದ್ರಾಕ್ಷಿ ತುಂಬಿಕೊಂಡು ಅಥಣಿ, ಮಿರಜ್ ಮೇಲೆ ಸಾಂಗ್ಲಿಗೆ, ತಾಸಗಾಂವಕ್ಕೆ ಹೋಗುತ್ತಿದ್ದರು. ಬರುವಾಗ ಖಾಲಿ ಗಾಡಿ, ಬಿಗಿ ಪಾಟಾ. ಕೊನೆ ಕೊನೆಗೆ ಅವರಿಗೆ ನೆಲದ ಮೇಲೆ ಕೂತು ಊಟ ಮಾಡಲು ಆಗುತ್ತಿರಲಿಲ್ಲ. ಮದುವೆ ಮನೆಯಲ್ಲಿ ಪಂಕ್ತಿಗೆ ಕೂರದೆ ಗೋಡೆ ಹಿಡಿದು ನಿಲ್ಲುತ್ತಿದ್ದರು. ಅವರಿಗೆ ಒಳ್ಳೆಯ ಗಾಡಿ ಕೊಳ್ಳುವ ಶಕ್ತಿ ಇರಲಿಲ್ಲ, ಹಾಗಾಗಿ ಬೆನ್ನು ಕೊಟ್ಟರು. ಶಕ್ತಿ ಇದ್ದವರು, ಒಳ್ಳೆಯ ಗಾಡಿ ತಂದವರು, ಬರೀ ನೋಟಕ್ಕೋಸ್ಕರ ಮನೆಯವರನ್ನು ಅದೇ ಕುಲುಕಾಟದಲ್ಲಿ ಕೂರಿಸುವುದನ್ನು ನೋಡಿದರೆ ನನಗೆ ತಡೆಯಲಾಗುವುದಿಲ್ಲ. ನನ್ನ ಸಿಟ್ಟು ಜಾಸ್ತಿ ಅಂತ ಅನ್ನಿಸಿದವರು ಇದನ್ನು ಲೆಕ್ಕಕ್ಕೆ ತಗೊಳ್ಳಿ.

ಕಾನೂನೂ ಇದೆ. ಕಂಪನಿ ಕೊಟ್ಟ ವಿವರ ತಪ್ಪುವಂತೆ ಗಾಡಿ ಮಾರ್ಪಾಡು ಮಾಡಬಾರದು ಅಂತ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಟೈರಿನ ಮೇಲೆ ಲೋಡ್ ಇಂಡೆಕ್ಸ್ ಅಂತ ಒಂದು ಅಂಕಿ ಇರುತ್ತದೆ, ಅದನ್ನೂ ನೋಡಿ. 110 ಅಂತ ಇದ್ದರೆ ಆ ಒಂದು ಟೈರು 1060 ಕೆಜಿ ಹೊರುತ್ತದೆ. 106 ಇದ್ದರೆ 950 ಕೆಜಿ. ರಿಮ್ ಬದಲಿಸುವಾಗ ಈ ಅಂಕಿ ಇಳಿದಿದೆಯಾ ಅಂತ ಕೇಳುವವರನ್ನು ನಾನು ಇನ್ನೂ ನೋಡಿಲ್ಲ. ಹಿಂದೆ ಗೊಬ್ಬರದ ಚೀಲ ತುಂಬುವವರು ಕೇಳಲೇಬೇಕು.

20 ಇಂಚು ಹಾಕಿಸಲಾ ಅಂತ ಒಬ್ಬರು ಮಧ್ಯಾಹ್ನ ಫೋನ್ ಮಾಡಿದ್ದರು. 265/50 ಆರ್20 ಹಾಕಿದರೆ 132.5 ಮಿಲಿಮೀಟರ್ ಉಳಿಯುತ್ತದೆ. 106ಕ್ಕಿಂತ ಮೇಲು, 159ಕ್ಕಿಂತ ಕೆಳಗೆ. ನಗರದಲ್ಲೇ ಓಡಾಡುವವರು ಬೇಕಾದರೆ ಹಾಕಿಸಲಿ. ನಮ್ಮ ಕಡೆಯವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ. ಅವರಿಗೂ ಹಾಗೇ ಹೇಳಿದೆ. ವ್ಯಾಪಾರ ಹೋಯಿತು, ಹೋಗಲಿ.

ಕೊನೆಗೆ ಒಂದು ಕೆಲಸದ ಮಾತು. ದೊಡ್ಡ ರಿಮ್ ಹಾಕಿಸಿಕೊಂಡವರಲ್ಲಿ ಎಷ್ಟೋ ಜನರ ಹಳೆಯ ಸೆಟ್ ಮನೆಯಲ್ಲೇ ಇರುತ್ತದೆ. ಅದನ್ನು ಮಾರಬೇಡಿ. ಗಾಡಿಯ ಹಿಂದೆ ತುಂಬಿಕೊಂಡು ಬನ್ನಿ. ಟೈರಿನಲ್ಲಿ ಬಿರುಕು, ಸೀಳು ಇದೆಯಾ ನೋಡುತ್ತೇನೆ. ಸರಿ ಇದ್ದರೆ ಬದಲಿಸಿ, ಬ್ಯಾಲೆನ್ಸ್ ಮಾಡಿ, ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರಿನಲ್ಲಿ ಬರೆದಷ್ಟು ಗಾಳಿ ಹಾಕಿ ಕೊಡುತ್ತೇನೆ. ಈ ತಿಂಗಳು ಪೂರ್ತಿ ಇದಕ್ಕೆ ಮಜೂರಿ ತಗೊಳ್ಳುವುದಿಲ್ಲ. ಬೆಳಿಗ್ಗೆ ಬೇಗ ಬಂದರೆ ಒಳ್ಳೆಯದು, ಟೈರು ತಣ್ಣಗಿರುವಾಗ ಗಾಳಿಯ ಲೆಕ್ಕ ಸರಿಯಾಗಿ ಸಿಗುತ್ತದೆ.