ದಕ್ಷಿಣ ಆಫ್ರಿಕಾದ ಹಲ್ಲೆಗಳಿಗೆ ‘ಝೀನೋಫೋಬಿಯಾ’ ಅನ್ನೋದು ಸರಿಯೇ?

ಪರ

2008ರ ಮೇ ತಿಂಗಳಲ್ಲಿ ಜೋಹಾನ್ಸ್‌ಬರ್ಗ್‌ನ ಅಲೆಕ್ಸಾಂಡ್ರಾದಲ್ಲಿ ಗುಂಪುಗಳು ಮನೆಗಳಿಗೆ ನುಗ್ಗಿದವು. ಹುಡುಕಿದ್ದು ಜಿಂಬಾಬ್ವೆ, ಮೊಜಾಂಬಿಕ್, ಮಲಾವಿಯಿಂದ ದುಡಿಯಲು ಬಂದವರನ್ನು. ಗಲಭೆ ಬೇರೆ ಊರುಗಳಿಗೂ ಹಬ್ಬಿತು. ಸತ್ತವರು 62 ಮಂದಿ. ಆಗಿನ ಅಧ್ಯಕ್ಷ ಥಾಬೊ ಎಂಬೆಕಿ ಇದು ಝೀನೋಫೋಬಿಯಾ (ಹೊರಗಿನವರ ಮೇಲಿನ ಭಯ, ದ್ವೇಷ) ಅಲ್ಲವೇ ಅಲ್ಲ, ಅಪರಾಧಿಗಳ ಕೆಲಸ ಎಂದರು. ಬರೀ ಕಳ್ಳರಾಗಿದ್ದರೆ ಹೊರಗಿನವರ ಅಂಗಡಿಗಳನ್ನೇ ಹುಡುಕಿಕೊಂಡು ಯಾಕೆ ಹೋದರು? ಕಳ್ಳತನ ಅಂದುಬಿಟ್ಟರೆ ಒಂದು ಕೇಸು ಹಾಕಿ ಕೈತೊಳೆದುಕೊಳ್ಳಬಹುದು, ಅಷ್ಟೆ. 2019ರಲ್ಲಿ ಅಲ್ಲಿನ ಸರ್ಕಾರ ಹೊರಡಿಸಿದ ರಾಷ್ಟ್ರೀಯ ಕ್ರಿಯಾ ಯೋಜನೆಯ ಹೆಸರಿನಲ್ಲೇ ಈ ಪದ ಇದೆ. ಈಗ ಜನ ‘ನೀವೇ ಬರೆದದ್ದಲ್ವಾ?’ ಎಂದು ಕೇಳಬಹುದು.

ಫೋಬಿಯಾ ಎಂದರೆ ಭಯ, ದ್ವೇಷ ಅಲ್ಲ ಅನ್ನುವವರಿದ್ದಾರೆ. ಗ್ರೀಕ್ ಬೇರು ಹಿಡಿದು ಹಾಗೆ ಜಗ್ಗಬಾರದು. ನಮ್ಮ ‘ಪರದೇಶಿ’ಯನ್ನೇ ನೋಡಿ. ‘ಪಾಪ, ಪರದೇಶಿ’ ಅನ್ನುವಾಗ ಯಾರಾದರೂ ಪಾಸ್‌ಪೋರ್ಟ್ ಕೇಳ್ತಾರಾ? ಬಳಕೆಯೇ ಅರ್ಥ.

ವಿರೋಧ

ಫೋಬಿಯಾ ಅಂದಕೂಡಲೇ ಅದೊಂದು ಕಾಯಿಲೆ, ಪಾಪ ಅವನೇನು ಮಾಡಿಯಾನು ಅನ್ನಿಸುತ್ತದೆ. ರಾಜಕೀಯ, ಸಾಮಾಜಿಕ ವಿಷಯಗಳಲ್ಲಿ ‘ಫೋಬಿಯಾ’ ಬಾಲದ ಪದಗಳು ಬೇಡ ಎಂದು ಅಸೋಸಿಯೇಟೆಡ್ ಪ್ರೆಸ್ 2012ರಲ್ಲೇ ತನ್ನ ಪತ್ರಕರ್ತರಿಗೆ ಹೇಳಿತ್ತು. ಆದರೆ ನನ್ನ ದೊಡ್ಡ ತಕರಾರು ‘ಝೀನೋ’ ಬಗ್ಗೆ, ಅಂದರೆ ‘ಪರಕೀಯ’ ಅನ್ನೋ ಭಾಗದ ಬಗ್ಗೆ. ಆ 62 ಮಂದಿಯಲ್ಲಿ 21 ಮಂದಿ ದಕ್ಷಿಣ ಆಫ್ರಿಕಾದವರೇ! ಬಿಳಿಯ ವಿದೇಶಿಯರಿದ್ದ ಬಡಾವಣೆಗಳತ್ತ ಗುಂಪುಗಳು ತಿರುಗಿಯೂ ನೋಡಲಿಲ್ಲ. ಅದಕ್ಕೇ ಅಲ್ಲಿ ಹಲವರು ‘ಆಫ್ರೋಫೋಬಿಯಾ’ ಅಂತಾರೆ. ಅದೂ ಪೂರ್ತಿ ಹೊಂದುವುದಿಲ್ಲ, ಬಿಡಿ. ಹೊಡೆದವರೂ ಕರಿಯ ಆಫ್ರಿಕನ್ನರೇ.

ಬೀದಿಯಲ್ಲಿ ಬಳಸಿದ ಬೈಗುಳ ‘ಮಕ್ವೆರೆಕ್ವೆರೆ’. ನಮಗೆ ತಿಳಿಯದ ಭಾಷೆ ಕಿವಿಗೆ ಹೇಗೆ ಕೇಳುತ್ತದೋ ಅದರ ಅಣಕ ಅದು. ಅದರಲ್ಲಿ ದೇಶದ ಮಾತೇ ಇಲ್ಲ. ನಾಲಿಗೆ ಬೇರೆ ಥರ ಹೊರಳಿದರೆ ಸಾಕು. ಹಾಗಾಗಿ ಉತ್ತರದ ಗಡಿ ಕಡೆಯ ವೆಂಡಾ, ಶಾಂಗಾನ್ ಮಾತಾಡುವವರೂ ಸಿಕ್ಕಿಬಿದ್ದರು. ಅವರ ಬಳಿ ದಕ್ಷಿಣ ಆಫ್ರಿಕಾದ್ದೇ ಗುರುತಿನ ಚೀಟಿ ಇರುತ್ತಿತ್ತು. ಅದನ್ನು ಕೇಳಿದವರು ಯಾರು? ಗುಂಪು ಕೇಳುತ್ತಿದ್ದದ್ದು ಮೊಣಕೈ ತೋರಿಸಿ, ‘ಇದಕ್ಕೆ ಝುಲುವಿನಲ್ಲಿ ಏನಂತಾರೆ?’ ಎಂದು. ‘ಇಂಡೊಲೊಲ್ವಾನೆ’ ಅನ್ನಲು ತಡವರಿಸಿದವನು ಹೊರಗಿನವನಾಗುತ್ತಿದ್ದ.